ವಿಸಿಎಫ್‌ನಾಗ ಎಂ269 ಬಂದೈತಿ, ಚಿಪ್ ಮಾತ್ರ ಎಲ್-ಎಂ20 ಅಂತೈತಿ: ಗಂಡುಸಾಲಿನ ಗುಂಪು ಯಾವುದು?

ಘಟಪ್ರಭಾ ದಂಡಿ, ಬಾಗಲಕೋಟೆ

ಪೂರ್ತಿ ಜೀನೋಮ್ ಫೈಲು, ಹಳೇ ಚಿಪ್ ಫೈಲು (ಆಯ್ದ ಗುರುತಷ್ಟೇ ನೋಡೋ ಡಿಎನ್ಎ ಟೆಸ್ಟ್), ಎರಡೂ ಒಬ್ಬರವೇ. ಚಿಪ್ ವರದಿ ಗಂಡುಸಾಲಿನ ಗುಂಪು (ತಂದೆಯಿಂದ ಮಗನಿಗೆ ಹೋಗೋ ವೈ ವರ್ಣತಂತುವಿನ ವಂಶಗುಂಪು) ಎಲ್-ಎಂ20, ಅಂದ್ರ ಎಂ20 ಗುರುತಿನ ಎಲ್ ಗುಂಪು, ಅಂತ ಹೇಳ್ತೈತಿ. ವಿಸಿಎಫ್ (ಡಿಎನ್ಎ ವ್ಯತ್ಯಾಸಗಳ ಪಟ್ಟಿ) ತಗದು ವೈ ಭಾಗ ನೋಡಿದ್ರ ಎಂ269 ಸಾಲು ಐತಿ, ಎಂ45 ಸಾಲೂ ಐತಿ, ಎರಡಕ್ಕೂ 1/1. ಎಂ269 ಅಂದ್ರ ಪಶ್ಚಿಮ ಯುರೋಪಿನ ಆರ್1ಬಿ ಅಲ್ಲೇನ್ರಿ? ಎಂ20 ಸಾಲೂ 1/1 ಐತಿ. ಇನ್ನ ಎಂ9 ಹುಡುಕಿದ್ರ ಸಾಲೇ ಇಲ್ಲ. ಎಂ9 ಇಲ್ಲದ ಎಲ್ ಹ್ಯಾಂಗ ಆಕ್ಕೈತಿ? ಲ್ಯಾಬಿನಾಗ ಸ್ಯಾಂಪಲ್ ಅದಲಿಬದಲಿ ಆಗೇತೇನು? ಓದಿನ ಆಳ (ಒಂದೊಂದು ಜಾಗ ಸರಾಸರಿ ಎಷ್ಟು ಸಲ ಓದೈತಿ ಅನ್ನೋದು) 30 ಪಟ್ಟು. ವೈ ಮ್ಯಾಲ 15ರ ಆಜೂಬಾಜೂ ಅಷ್ಟೇ ತೋರಸ್ತೈತಿ, ಇದೂ ಗಡಬಡ ಅನ್ನಸ್ತೈತಿ.

ಹಿಡಕಲ್, ಬೆಳಗಾವಿ

ಸ್ಯಾಂಪಲ್ ಸರಿ ಐತ್ರಿ, ಓದಿದ ರೀತಿ ತಪ್ಪೈತಿ. 15 ಪಟ್ಟು ಆಳವೂ ಸರೀನೇ: ಗಂಡಸಿನಲ್ಲಿ ವೈ ಒಂದೇ ಪ್ರತಿ ಇರುತ್ತದೆ, ಉಳಿದ ವರ್ಣತಂತುಗಳು ಎರಡೆರಡು. ಹಾಗಾಗಿ ಅರ್ಧ ಆಳ.

ವಿಸಿಎಫ್‌ನ 1/1 ಅಂದರೆ "ಈ ಗುರುತು ಪಾಸಿಟಿವ್" ಅಂತಲ್ಲ. "ರೆಫರೆನ್ಸ್‌ನಲ್ಲಿರುವ ಅಕ್ಷರಕ್ಕಿಂತ ಬೇರೆ ಅಕ್ಷರ ಇದೆ" ಅಂತ ಅಷ್ಟೇ. ರೆಫರೆನ್ಸ್ ಅಂದರೆ ಹೋಲಿಕೆಗೆ ಇಟ್ಟ ಮಾದರಿ ಜೀನೋಮ್, ಅದರ ಒಂದೊಂದು ಆವೃತ್ತಿಯೇ ಬಿಲ್ಡ್. ಈಗ ಬಳಕೆಯಲ್ಲಿರುವ ಬಿಲ್ಡ್ 37, 38 ಎರಡರಲ್ಲೂ ರೆಫರೆನ್ಸ್ ವೈನ ಬಹುಪಾಲು ಬಂದಿರುವುದು ಆರ್1ಬಿ ಗುಂಪಿನ ಒಬ್ಬನಿಂದ. ಅಂದಮೇಲೆ ಆರ್1ಬಿ ಅಲ್ಲದವರೆಲ್ಲರ ವಿಸಿಎಫ್‌ನಲ್ಲೂ ಎಂ269 ಸಾಲು ಬಂದೇ ಬರುತ್ತದೆ, ಉಲ್ಟಾ ಅರ್ಥದಲ್ಲಿ.

ನಿಮ್ಮ ಸಾಲುಗಳನ್ನೇ ಬಿಡಿಸಿ ನೋಡ್ರಿ. ಎಂ269ರಲ್ಲಿ ಪೂರ್ವದ ಅಕ್ಷರ (ಗುರುತು ಬರುವ ಮೊದಲು ಇದ್ದದ್ದು) ಟಿ, ಬದಲಾದದ್ದು ಸಿ. ರೆಫರೆನ್ಸ್ ಕಾಲಂನಲ್ಲಿ ಸಿ, ಪಕ್ಕದಲ್ಲಿ ಟಿ, ಮುಂದೆ 1/1 ಇದ್ದರೆ ಆ ವ್ಯಕ್ತಿಯಲ್ಲಿ ಇರುವುದು ಟಿ, ಅಂದರೆ ಎಂ269 ನೆಗೆಟಿವ್. ಎಂ45ದೂ ಇದೇ ಕಥೆ: ಪೂರ್ವದ್ದು ಜಿ, ಬದಲಾದದ್ದು ಎ, ವ್ಯಕ್ತಿಯಲ್ಲಿ ಜಿ, ನೆಗೆಟಿವ್. ಎಂ9ರಲ್ಲಿ ಪೂರ್ವದ್ದು ಸಿ, ಬದಲಾದದ್ದು ಜಿ. ಎಲ್ ಮತ್ತು ಆರ್ ಎರಡೂ ಎಂ9 ಹೊತ್ತ ಕೆ ಗುಂಪಿನ ಮಕ್ಕಳು. ರೆಫರೆನ್ಸ್‌ನಲ್ಲೂ ಜಿ, ನಿಮ್ಮವರಲ್ಲೂ ಜಿ, ವ್ಯತ್ಯಾಸವೇ ಇಲ್ಲದ್ದರಿಂದ ಸಾಲು ಬರೆದಿಲ್ಲ. ಎಂ20ರಲ್ಲಿ ಮಾತ್ರ ಎ ಹೋಗಿ ಜಿ ಬಂದಿದೆ, ರೆಫರೆನ್ಸ್‌ನಲ್ಲಿ ಎ ಹಾಗೇ ಇದೆ. ಇದೊಂದೇ ನಿಜವಾದ ಪಾಸಿಟಿವ್ 1/1.

ಎಚ್ಚರ ಒಂದಿದೆ. ರೆಫರೆನ್ಸ್ ವೈನ ಒಂದು ಸಣ್ಣ ತುಂಡು ಜಿ ಗುಂಪಿನವನದು. ಆ ತುಂಡಿನೊಳಗೆ "ರೆಫರೆನ್ಸ್ ಅಂದರೆ ಆರ್1ಬಿ" ಅನ್ನುವ ಲೆಕ್ಕ ನಡೆಯುವುದಿಲ್ಲ. ಅದಕ್ಕೇ ಪ್ರತಿ ಗುರುತಿಗೂ ಪೂರ್ವದ ಅಕ್ಷರ ಯಾವುದು ಅಂತ ನೋಡಿಯೇ ಮುಂದೆ ಹೋಗಬೇಕು.

ಸಾಲು ಇಲ್ಲದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು: ಆ ಜಾಗ ಓದೇ ಆಗಿರುವುದಿಲ್ಲ. ವಿಸಿಎಫ್ ಒಂದರಿಂದ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ. ಓದುಗಳೆಲ್ಲ (ಲ್ಯಾಬ್ ಓದಿದ ಡಿಎನ್ಎ ತುಣುಕುಗಳು) ಇರುವ ಬ್ಯಾಮ್ ಅಥವಾ ಕ್ರ್ಯಾಮ್ ಫೈಲ್ ತರಿಸಿಕೊಳ್ಳಿ. ಮೊದಲು ಹೆಡರ್‌ನಲ್ಲಿ ವೈ ಉದ್ದ ನೋಡಿ: 5,93,73,566 ಇದ್ದರೆ ಬಿಲ್ಡ್ 37, 5,72,27,415 ಇದ್ದರೆ ಬಿಲ್ಡ್ 38, 6,24,60,029 ಇದ್ದರೆ ಟಿ2ಟಿ (ತುದಿಯಿಂದ ತುದಿಗೆ ಪೂರ್ತಿ ಓದಿದ ಹೊಸ ರೆಫರೆನ್ಸ್). ಕೊನೆಯದು ಜೆ1 ಗುಂಪಿನವನ ವೈ, ಅಲ್ಲಿ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಆಮೇಲೆ ಸ್ಯಾಮ್‌ಟೂಲ್ಸ್ ಎಂಬ ತಂತ್ರಾಂಶದಿಂದ ಇಂಡೆಕ್ಸ್ ಮಾಡಿ, ವೈ ಭಾಗ ಮಾತ್ರ ಕತ್ತರಿಸಿ, ಬಿಸಿಎಫ್‌ಟೂಲ್ಸ್ ಎಂಪೈಲಪ್‌ನಲ್ಲಿ ಈ ಜಾಗಗಳನ್ನು ನೇರ ಕೇಳಿ:

ಎಂ9: ಬಿಲ್ಡ್ 37ರಲ್ಲಿ 21730257, ಬಿಲ್ಡ್ 38ರಲ್ಲಿ 19568371
ಎಂ20: 21733168, 19571282
ಎಂ45: 21867787, 19705901
ಎಂ269: 22739367, 20577481

ನಾಲ್ಕರಲ್ಲೂ ಎರಡು ಬಿಲ್ಡ್‌ಗಳ ಅಂತರ 2161886 ಬರುತ್ತದೆ. ಇದು ವೈನ ಈ ಭಾಗಕ್ಕಷ್ಟೇ. ಬೇರೆ ಕಡೆ ಅಂತರ ಬೇರೆ, ಕಳೆದು ಕೂಡಿಸಿ ಅಂದಾಜು ಮಾಡಬೇಡಿ. ಹಳೇ ಸರ್ವೆ ನಂಬರ್ ಹಿಡಿದು ಹೊಸ ನಕಾಶೆಯಲ್ಲಿ ಹೊಲ ಹುಡುಕಿದರೆ ಪಕ್ಕದವನ ಬದುವಿನಲ್ಲಿ ನಿಂತಿರುತ್ತೀರಿ. ಬೇಸ್ ಗುಣಮಟ್ಟ 20, ಮ್ಯಾಪಿಂಗ್ ಗುಣಮಟ್ಟ 30, ಇದಕ್ಕಿಂತ ಕೆಳಗಿನ ಓದುಗಳನ್ನು ಬಿಡಿ.

ಘಟಪ್ರಭಾ ದಂಡಿ, ಬಾಗಲಕೋಟೆ

ಬಿಲ್ಡ್ 38 ಐತ್ರಿ. ಎಂ20 ಜಾಗದಾಗ 14 ಓದು, ಎಲ್ಲಾ ಜಿ. ಎಂ269 ಜಾಗದಾಗ 16, ಎಲ್ಲಾ ಟಿ. ಎಂ9ರಾಗ 13, ಎಲ್ಲಾ ಜಿ. ಎಲ್ ಒಳಗಿನ ಒಂದೇ ಕೊಂಬೆಯ ಗುರುತು ಎಂ27, ಎಂ76 ಎರಡೂ ಪಾಸಿಟಿವ್. ಆದ್ರ ಇನ್ನೂ ಎರಡು ತೊಡಕು ಅದಾವ. ಕೆಲವು ಕಡೆ 0/1 ಅಂತ ಬಂದೈತಿ, ಒಂದೇ ಪ್ರತಿ ಇದ್ದಲ್ಲಿ ಅರ್ಧಂಬರ್ಧ ಹ್ಯಾಂಗ? ಮತ್ತ ಹಳೇ ಪ್ರಬಂಧದಾಗ ಎಂ76ಕ್ಕ ಎಲ್1 ಅಂದಾರ, ಹೊಸ ವಂಶಮರದಾಗ ಎಲ್1ಎ1 ಅಂತೈತಿ.

ಬಾರಾಕಮಾನ, ವಿಜಯಪುರ

0/1 ಬಂದಿರುವುದು ಕಾಲರ್ (ಓದುಗಳಿಂದ ಅಕ್ಷರ ತೀರ್ಮಾನಿಸುವ ತಂತ್ರಾಂಶ) ವೈಯನ್ನೂ ಎರಡು ಪ್ರತಿಯೆಂದೇ ಹಿಡಿದಿದ್ದರಿಂದ. ಜಾಗ ನೋಡಿ ತೀರ್ಮಾನಿಸಿ. ಬಿಲ್ಡ್ 38ರಲ್ಲಿ 2781479ರವರೆಗಿನದು ಮತ್ತು 56887903ರಿಂದ ಆಚೆಗಿನದು ಎಕ್ಸ್ ಜೊತೆ ಅದಲುಬದಲಾಗುವ ತುದಿಗಳು. ಅಲ್ಲಿ 0/1 ಸಹಜ, ವಂಶದ ಲೆಕ್ಕಕ್ಕೆ ಅವು ಬೇಡ. ಒಳಗಿನ 0/1 ಬಹುತೇಕ ಪ್ಯಾಲಿಂಡ್ರೋಮ್‌ಗಳಲ್ಲಿ (ತಲೆಕೆಳಗಾದ ಜೋಡಿ ಪ್ರತಿಗಳಿರುವ ಭಾಗ) ಅಥವಾ ಎಕ್ಸ್‌ನಿಂದ ಬಂದ ತುಂಡಿನಲ್ಲಿರುತ್ತವೆ. ಆ ತುಂಡು ಎಕ್ಸ್‌ಗೆ ಶೇ. 99ರಷ್ಟು ಹೋಲುವುದರಿಂದ ಓದುಗಳು ತಪ್ಪು ಜಾಗಕ್ಕೆ ಅಂಟುತ್ತವೆ. ಎಲ್ಲವನ್ನೂ ಕೈಬಿಡಿ.

ಹೆಸರಿನ ಗೊಂದಲ ಬಹಳ ಜನರನ್ನು ದಾರಿ ತಪ್ಪಿಸಿದೆ. ಸೇನ್‌ಗುಪ್ತಾ ಮತ್ತು ಸಂಗಡಿಗರು 2006ರಲ್ಲಿ ಎಂ76ನ್ನು ಎಲ್1, ಎಂ317ನ್ನು ಎಲ್2, ಎಂ357ನ್ನು ಎಲ್3 ಎಂದರು. ಈಗ ಅವು ಕ್ರಮವಾಗಿ ಎಲ್1ಎ1, ಎಲ್1ಬಿ, ಎಲ್1ಎ2. ಇಂದಿನ ಎಲ್2 ಎಂದರೆ ಎಲ್595 ಎಂಬ ಬೇರೆಯೇ ಅಪರೂಪದ ಕೊಂಬೆ. ಅಂಕಿಯ ಹೆಸರು ಬಿಟ್ಟು ಕೊನೆಯ ಗುರುತಿನ ಹೆಸರನ್ನೇ ಬರೆಯಿರಿ: ಎಲ್-ಎಂ27. ಅದು ಮರ ಬೆಳೆದಂತೆ ಬದಲಾಗುವುದಿಲ್ಲ.

ಎಂ27 ಕೊಂಬೆ ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿ ಚೆನ್ನಾಗಿ ಹರಡಿದೆ. ಎಂ357 ಪಾಕಿಸ್ತಾನದ ಬುರುಶೋ, ಕಲಾಶ, ಪಶ್ತೂನರಲ್ಲಿ ಸಿಗುತ್ತದೆ. ಎಂ317 ಅನಟೋಲಿಯಾ, ಇರಾನ್ ಕಡೆ. ಹಾಗೆಂದು ಇಂದು ಹೆಚ್ಚಿರುವ ಊರೇ ಹುಟ್ಟಿದ ಊರು ಎನ್ನಬೇಡಿ. ಆರ್ಮೇನಿಯಾದ ಅರೇನಿ-1 ಗುಹೆ, ಅಂದರೆ ಸುಮಾರು 5,500 ವರ್ಷ ಹಳೆಯ ಚರ್ಮದ ಪಾದರಕ್ಷೆ ಸಿಕ್ಕ ಗುಹೆ, ಅಲ್ಲಿನ ತಾಮ್ರಶಿಲಾಯುಗದ ಮೂವರು ಗಂಡಸರು ಎಲ್1ಎ ಎಂದು 2016ರಲ್ಲಿ ಪ್ರಕಟವಾಯಿತು. ಇನ್ನು ರಾಖೀಗಢಿ ಅಸ್ಥಿಯಲ್ಲಿ ಎಲ್ ಸಿಕ್ಕಿದೆ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. 2019ರಲ್ಲಿ ಪ್ರಕಟವಾದ ಆ ಜೀನೋಮ್ ಹೆಣ್ಣಿನದು, ಅದರಲ್ಲಿ ವೈ ಇಲ್ಲವೇ ಇಲ್ಲ.

ಕೋಟೆಗೋಡೆ, ವಿಜಯಪುರ

ನಡುವೆ ಬಂದೆ. ಎಲ್ ಇರಾನ್ ಕಡೆಯೂ ಇದೆ ಅಂದಮೇಲೆ ಆದಿಲ್‌ಶಾಹಿ ಕಾಲದಲ್ಲಿ ಪರ್ಷಿಯಾದಿಂದ ಬಂದವರ ಸಾಲು ಇದಾಗಿರಬಹುದಲ್ಲ? ಹಳೇ ಪ್ರಬಂಧಗಳ ಕಾಲಮಾನಕ್ಕೂ ಹೊಸ ಮರದ ಕಾಲಮಾನಕ್ಕೂ ತಾಳೆಯಾಗುತ್ತಿಲ್ಲ, ಯಾವುದನ್ನು ಹಿಡಿಯಬೇಕು?

ಬಾರಾಕಮಾನ, ವಿಜಯಪುರ

ಎರಡನೆಯದು ಮೊದಲು. ಹಳೆಯ ಲೆಕ್ಕಗಳು ಎಸ್‌ಟಿಆರ್ (ಡಿಎನ್ಎಯ ಚಿಕ್ಕ ತುಣುಕು ಎಷ್ಟು ಸಲ ಮರುಕಳಿಸುತ್ತದೆ ಎಂಬ ಎಣಿಕೆ) ಮೇಲೆ, ಝಿವೊಟೊವ್‌ಸ್ಕಿ ದರದಲ್ಲಿ: ಒಂದು ಗುರುತಿಗೆ 25 ವರ್ಷಕ್ಕೆ 0.00069. ತಂದೆ-ಮಗನ ಜೋಡಿಗಳಲ್ಲಿ ಅಳೆದ ದರ ತಲೆಮಾರಿಗೆ 0.002ಕ್ಕೂ ಮೇಲೆ. ದರದಲ್ಲೇ ಮೂರು ಪಟ್ಟು ಅಂತರವಿರುವಾಗ ವಯಸ್ಸಿನಲ್ಲೂ ಅಷ್ಟೇ ಬರುತ್ತದೆ. ಈಗ ಸ್ನಿಪ್ (ಒಂದೇ ಅಕ್ಷರದ ಬದಲಾವಣೆ) ಎಣಿಕೆಯನ್ನೇ ಹಿಡಿಯಿರಿ. ವೈ ವಂಶಮರ ಕಟ್ಟುವ ವೈಫುಲ್ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 84.7 ಲಕ್ಷ ಅಕ್ಷರಗಳ ಆಯ್ದ ಭಾಗದಲ್ಲಿ ಒಂದು ಸ್ನಿಪ್‌ಗೆ 144.41 ವರ್ಷ ಹಿಡಿಯುತ್ತದೆ.

ಆದಿಲ್‌ಶಾಹಿ ಪ್ರಶ್ನೆಗೂ ಇದೇ ಅಳತೆ ಸಾಕು. ಆ ಆಳ್ವಿಕೆ 1490ರಿಂದ 1686. ಐನೂರು ವರ್ಷದ ಹಿಂದೆ ಬೇರೆಯಾದ ಸಾಲಾದರೆ ಇರಾನಿನ ಹತ್ತಿರದ ಹೊಂದಿಕೆಗೂ ಇಲ್ಲಿಯದಕ್ಕೂ ಕವಲಿನಿಂದ ಈಚೆಗೆ ತಲಾ 3-4 ಸ್ನಿಪ್ ಮಾತ್ರ ಇರಬೇಕು. ತಲಾ 30 ಬಂದರೆ ಕವಲು 4,300 ವರ್ಷ ಹಿಂದಿನದು, ಆದಿಲ್‌ಶಾಹಿಗೂ ಅದಕ್ಕೂ ಸಂಬಂಧವಿಲ್ಲ. ಬರೀ ಎಂ27 ಅಷ್ಟೇ ಗೊತ್ತಿದ್ದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಅದು ಅಷ್ಟು ಹಳೆಯ ಕೊಂಬೆ.

ಹಿಡಕಲ್, ಬೆಳಗಾವಿ

ಮುಂದಿನ ಹೆಜ್ಜೆ ಎರಡನೇ ವ್ಯಕ್ತಿಯ ಟೆಸ್ಟ್. ಅಣ್ಣತಮ್ಮಂದಿರದು ಮಾಡಿಸಿದರೆ ರೊಕ್ಕ ದಂಡ, ಹೊಸದೇನೂ ಸಿಗುವುದಿಲ್ಲ. ದೂರದ ಭಾವಕಿಯವರನ್ನು (ಒಂದೇ ಮನೆತನದ ದಾಯಾದಿಗಳನ್ನು) ಹಿಡಿಯಿರಿ. ಅಡ್ಡಹೆಸರು ನೋಡಿ ಆರಿಸಬೇಡಿ. ಪಾಟೀಲ, ದೇಸಾಯಿ, ಕುಲಕರ್ಣಿ ಎಲ್ಲ ಹುದ್ದೆಯಿಂದ ಬಂದವು, ಒಂದೇ ಹೆಸರಿನ ಎರಡು ಮನೆಗೆ ಒಂದೇ ವೈ ಇರಬೇಕಂತಿಲ್ಲ. ನಮ್ಮ ಕಡೆ ಹೆಳವರು (ಮನೆತನದ ವಂಶಾವಳಿ ಬರೆದಿಡುವವರು) ಬಂದಾಗ ಕೂಡಿಸಿಕೊಂಡು, ಅವರ ಹೊತ್ತಿಗೆಯಲ್ಲಿ ಏಳೆಂಟು ತಲೆಮಾರು ಹಿಂದೆ ಯಾವ ಊರಿನಿಂದ ಯಾರು ಒಡೆದು ಹೋದರು ಅಂತ ಬರೆಸಿಕೊಳ್ಳಿ. ಜೊತೆಗೆ ದತ್ತಕ, ಮನೆಅಳಿಯ ಇದ್ದರೆ ಬಿಡದೆ ಕೇಳಿ. ಕಿತ್ತೂರಿನಲ್ಲಿ 1824ರಲ್ಲಿ ಶಿವಲಿಂಗಪ್ಪನನ್ನು ದತ್ತಕ ತಗೊಂಡರು: ಮನೆತನ ಮುಂದುವರಿಯುತ್ತದೆ, ವೈ ಮಾತ್ರ ಹುಟ್ಟಿದ ಮನೆಯದು. ಏಳು ತಲೆಮಾರಿಗೆ ತಲಾ ಒಂದೋ ಎರಡೋ ಸ್ನಿಪ್ ನಿರೀಕ್ಷಿಸಿ. ಹತ್ತಾರು ಬಂದರೆ ನಡುವೆ ಸಾಲು ಕಡಿದಿದೆ.

ಎಸ್‌ಟಿಆರ್ 12ಕ್ಕೆ 12 ಕೂಡಿತು ಅಂತ ನಂಟು ಕಟ್ಟಬೇಡಿ, ಸಾವಿರಾರು ವರ್ಷ ದೂರದವರಲ್ಲೂ ಹಾಗೆ ಕೂಡುತ್ತದೆ. ಕ್ರ್ಯಾಮ್ ತೆರೆಯುವಾಗ ಎಂಡಿ5 (ರೆಫರೆನ್ಸ್ ಗುರುತಿಸುವ ತಾಳೆ ಸಂಖ್ಯೆ) ತಾಳೆಯಾಗದೆ ತಪ್ಪು ತೋರಿಸಿದರೆ ರೆಫರೆನ್ಸ್ ಫೈಲು (ಫಾಸ್ಟಾ) ಬೇರೆಯದಿದೆ ಎಂದರ್ಥ, ಲ್ಯಾಬ್ ಬಳಸಿದ್ದನ್ನೇ ಕೇಳಿ ತಗೊಳ್ಳಿ. ವೈಫುಲ್‌ಗೆ ಪೂರ್ತಿ ಬ್ಯಾಮ್ ಕಳಿಸುವ ಅಗತ್ಯವಿಲ್ಲ, ವೈ ತುಂಡು ಸಾಕು. ಕಳಿಸುವ ಮೊದಲು ಆ ಭಾವಕಿಯವರ ಒಪ್ಪಿಗೆಯನ್ನೂ ತಗೊಳ್ಳಿ, ಒಬ್ಬರ ವೈ ಅಂದರೆ ಆ ಮನೆಯ ಗಂಡಸರೆಲ್ಲರದೂ ಹೌದು.