ಲಾಳಿ ತಡವಾಗುವುದು ಎಲ್ಲಿ? ಫೋನಿನ ನಿಧಾನಗತಿಯ ವಿಡಿಯೊದಿಂದ ಮಗ್ಗದ ದೋಷ ಹಿಡಿಯಬಹುದೇ?

ಪ್ರಶ್ನೆ: ಮಗ್ಗದ ಮನೆ, ಬೆಟಗೇರಿ

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ನಮ್ಮದು ನಾಲ್ಕು ವಿದ್ಯುತ್ ಮಗ್ಗಗಳ ಸಣ್ಣ ಶೆಡ್ಡು. ಅವುಗಳಲ್ಲಿ ಮೂರನೆಯ ಮಗ್ಗ ಎರಡು ತಿಂಗಳಿಂದ ತಾಸಿಗೆ ನಾಲ್ಕೈದು ಸಲ ದಢ್ ಎಂದು ನಿಂತುಬಿಡುತ್ತಿದೆ. ಬಲಗಡೆಯಿಂದ ಹೊರಟ ಲಾಳಿ (ಅಡ್ಡ ನೂಲನ್ನು ಹೊತ್ತು ಆಚೀಚೆ ಓಡುವ ತುಂಡು) ಎಡಗಡೆಯ ಪೆಟ್ಟಿಗೆಯನ್ನು ಪೂರ್ತಿ ಸೇರುವ ಮೊದಲೇ ಹಣಿಗೆ (ಆ ನೂಲನ್ನು ಬಟ್ಟೆಗೆ ಬಡಿದು ಕೂರಿಸುವ ಬಾಚಣಿಗೆ) ಮುಂದಕ್ಕೆ ಬಂದಿರುತ್ತದೆ. ಕೆಲವೊಮ್ಮೆ ಎಡ ಅಂಚಿನ ಹತ್ತಿರ ಹಾಸಿನ (ಉದ್ದಕ್ಕೆ ಹೂಡಿದ ನೂಲಿನ) ಹತ್ತು ಹದಿನೈದು ಎಳೆಗಳು ಕಡಿದುಹೋಗುತ್ತವೆ. ಅವನ್ನು ಹುಡುಕಿ ಒಂದೊಂದಾಗಿ ಗಂಟು ಹಾಕುವಷ್ಟರಲ್ಲಿ ಅರ್ಧ ತಾಸು ಹೋಗಿರುತ್ತದೆ.

ನಮ್ಮ ಜಾಬರ್ (ಮಗ್ಗ ಕಟ್ಟಿ ರಿಪೇರಿ ಮಾಡುವವರು) ಎಡಗಡೆಯ ಪಿಕ್ಕರನ್ನು, ಅಂದರೆ ಲಾಳಿಯನ್ನು ಹೊಡೆದು ಓಡಿಸುವ ತುಂಡನ್ನು, ಎರಡು ಸಲ ಬದಲಾಯಿಸಿದರು, ಬೆಲ್ಟನ್ನೂ ಬಿಗಿ ಮಾಡಿದರು. ಇನ್ನೊಬ್ಬರು ಬಂದು ನೋಡಿ, ಇದು ವೋಲ್ಟೇಜಿನ ದೋಷ ಎಂದು ಹೇಳಿ ಹೋದರು. ಕಣ್ಣಿಗೆ ಏನೂ ಕಾಣದ ಕಾರಣ ನನ್ನ ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರಗಳ ವೇಗಕ್ಕೆ ಇಟ್ಟು ವಿಡಿಯೊ ತೆಗೆದೆ. ಆದರೆ ಚಿತ್ರ ಕತ್ತಲಾಗಿ ಬಂತು, ಲಾಳಿ ಇದ್ದ ಕಡೆ ಉದ್ದನೆಯ ಬಿಳಿ ಗೆರೆಯಷ್ಟೇ ಕಂಡಿತು, ಅದರ ಮೇಲೆ ಬೆಳಕು ಒಂದೇ ಸಮನೆ ಮಿನುಗುತ್ತಿತ್ತು. ಮಗ್ಗದ ವೇಗ ನಿಮಿಷಕ್ಕೆ 150 ಹೊಕ್ಕು (ಲಾಳಿಯ ಒಂದು ಓಟಕ್ಕೆ ಒಂದು ಹೊಕ್ಕು), ಹಣಿಗೆಯ ಅಗಲ ಸುಮಾರು 1.3 ಮೀಟರ್. ಈ ಕೆಲಸಕ್ಕೆ ಫೋನು ಸಾಕಾದೀತೇ, ಅಥವಾ ದೊಡ್ಡ ಕ್ಯಾಮೆರಾವನ್ನೇ ಬಾಡಿಗೆಗೆ ತರಬೇಕೇ? ಸಾಕು ಎನ್ನುವುದಾದರೆ ಎಲ್ಲಿ ಇಡಬೇಕು, ಏನನ್ನು ಅಳೆಯಬೇಕು?

ಉತ್ತರ 1: ಭೌತಶಾಸ್ತ್ರದ ಮಾಸ್ತರ, ಧಾರವಾಡ

ಫೋನು ಸಾಕು. ನಿಮಗೆ ಅಡ್ಡ ಬಂದಿರುವುದು ಬೆಳಕು, ಕ್ಯಾಮೆರಾ ಅಲ್ಲ.

ನಿಮಿಷಕ್ಕೆ 150 ಹೊಕ್ಕು ಎಂದರೆ ಒಂದು ಹೊಕ್ಕಿಗೆ 400 ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ನಿಮ್ಮ ಫೋನು 96 ಚಿತ್ರಗಳನ್ನು ಹಿಡಿಯುತ್ತದೆ, ಅಂದರೆ ಹೊಕ್ಕಿಗೆ ಒಂದು ಸುತ್ತು ತಿರುಗುವ ಕ್ರ್ಯಾಂಕ್ ದಂಡವು 3.75 ಡಿಗ್ರಿ ತಿರುಗುವಷ್ಟರಲ್ಲಿ ಒಂದೊಂದು ಚಿತ್ರ ಸಿಗುತ್ತದೆ. ಲಾಳಿ ಸೆಕೆಂಡಿಗೆ ಸುಮಾರು 11 ಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ನಾಲ್ಕೂವರೆ ಸೆಂಟಿಮೀಟರ್ ಸರಿದಿರುತ್ತದೆ. ಪ್ರತಿ ಚಿತ್ರಕ್ಕೂ ಶಟರ್ ಸೆಕೆಂಡಿನ 240ನೇ ಒಂದು ಭಾಗದಷ್ಟು ಹೊತ್ತು ತೆರೆದೇ ಇದ್ದರೆ ಆ ನಾಲ್ಕೂವರೆ ಸೆಂಟಿಮೀಟರೂ ಒಂದೇ ಚಿತ್ರದಲ್ಲಿ ಸವರಿಕೊಂಡಂತೆ ಬೀಳುತ್ತದೆ. ನೀವು ಕಂಡ ಬಿಳಿ ಗೆರೆ ಅದೇ. ಶಟರನ್ನು 2000ನೇ ಒಂದು ಭಾಗಕ್ಕೆ ಇಳಿಸಿದರೆ ಸವರಿಕೆ ಐದಾರು ಮಿಲಿಮೀಟರಿಗೆ ಬರುತ್ತದೆ, ಆದರೆ ಆಗ ಎಂಟು ಪಟ್ಟಿಗಿಂತ ಹೆಚ್ಚು ಬೆಳಕು ಬೇಕಾಗುತ್ತದೆ. ಶಟರನ್ನು ಕೈಯಾರೆ ಹೊಂದಿಸಲು ಬಿಡುವ ಕ್ಯಾಮೆರಾ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಮಿನುಗುವುದಕ್ಕೆ ಕಾರಣ ನಿಮ್ಮ ಶೆಡ್ಡಿನ ದೀಪ: ನಮ್ಮ ವಿದ್ಯುತ್ತು 50 ಹರ್ಟ್ಸ್ ಆಗಿರುವುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಮಧ್ಯಾಹ್ನದ ಬಿಸಿಲು ನೇರವಾಗಿ ಮಗ್ಗದ ಮೇಲೆ ಬೀಳುವಂತೆ ಮಾಡಿಕೊಳ್ಳಿ, ಇಲ್ಲವೇ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದ ಟ್ರ್ಯಾಕ್ಟರಿನ ದೀಪಗಳನ್ನು ಹತ್ತಿರದಲ್ಲಿ ಹಿಡಿಯಿರಿ.

ಫೋನು ಹೇಳಿಕೊಳ್ಳುವ ವೇಗವನ್ನು ಕಣ್ಣುಮುಚ್ಚಿ ನಂಬಬೇಡಿ. ಸರಿಯಾಗಿ 1 ಮೀಟರ್ ಎತ್ತರದಿಂದ ಕಬ್ಬಿಣದ ಗುಂಡೊಂದನ್ನು ಬೀಳಿಸಿ ವಿಡಿಯೊ ತೆಗೆದು, ಕೈಬಿಟ್ಟ ಚಿತ್ರದಿಂದ ನೆಲ ಮುಟ್ಟಿದ ಚಿತ್ರದವರೆಗೆ ಎಣಿಸಿ ನೋಡಿ. ಬೀಳಲು 0.45 ಸೆಕೆಂಡು ಹಿಡಿಯುವುದರಿಂದ ಎಣಿಕೆ 108ರ ಹತ್ತಿರ ಬರಬೇಕು. ಕೆಲವು ಫೋನುಗಳು 960 ಎಂದು ತೋರಿಸಿಕೊಂಡರೂ ನಡುವಿನ ಚಿತ್ರಗಳನ್ನು ತಾವೇ ಕಲ್ಪಿಸಿ ತುಂಬುತ್ತವೆ. ಅಳತೆಗೆ ಅಂಥವು ಬೇಡ. ಚಿತ್ರಗಳನ್ನು ಒಂದೊಂದಾಗಿ ಸರಿಸಿ ಬಿಂದು ಗುರುತಿಸಲು ಟ್ರ್ಯಾಕರ್ ಅಥವಾ ಕಿನೋವಿಯಾ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ನಮ್ಮ ವಿದ್ಯಾರ್ಥಿಗಳು ಲೋಲಕದ ಪ್ರಯೋಗಕ್ಕೆ ಟ್ರ್ಯಾಕರನ್ನೇ ಬಳಸುತ್ತಾರೆ.

ಇನ್ನೊಂದು ಎಚ್ಚರಿಕೆ. ಹಣಿಗೆಯೊಂದಿಗೆ ಲಾಳಿ ಪೆಟ್ಟಿಗೆಯೂ ಹಿಂದೆ ಮುಂದೆ ಆಡುವುದರಿಂದ ಕ್ಯಾಮೆರಾದಿಂದ ಅದರ ದೂರ ಬದಲಾಗುತ್ತಲೇ ಇರುತ್ತದೆ. ಅಳತೆಪಟ್ಟಿಯನ್ನು ಗೋಡೆಗೋ ಚೌಕಟ್ಟಿಗೋ ಕಟ್ಟದೆ ಪೆಟ್ಟಿಗೆಗೇ ಅಂಟಿಸಿ, ಅದರ ಜೊತೆಯಲ್ಲೇ ಆಡಲಿ.

ಉತ್ತರ 2: ಯಂತ್ರ ರಿಪೇರಿ, ಹುಬ್ಬಳ್ಳಿ

ಇಷ್ಟೆಲ್ಲ ಶ್ರಮ ಏಕೆ? ಬೇಕಾದ ವೇಗದಲ್ಲಿ ಮಿಂಚಿ ಆರುವ ಸ್ಟ್ರೋಬೋಸ್ಕೋಪ್ ದೀಪವನ್ನು ಮಗ್ಗದ ವೇಗಕ್ಕೆ ಹೊಂದಿಸಿದರೆ ಲಾಳಿ ನಿಂತಂತೆಯೇ ಕಾಣುತ್ತದೆ. ನಾವು ಮೋಟಾರು, ಫ್ಯಾನುಗಳಿಗೆ ಅದನ್ನೇ ಬಳಸುತ್ತೇವೆ.

ಉತ್ತರ 3: ಭೌತಶಾಸ್ತ್ರದ ಮಾಸ್ತರ, ಧಾರವಾಡ

ನೀವು ಹೇಳುವ ದೀಪಕ್ಕೆ ದೊಡ್ಡ ಪರಂಪರೆಯೇ ಇದೆ. ಅಮೆರಿಕದ ಹೆರಾಲ್ಡ್ ಎಜರ್ಟನ್ 1930ರ ದಶಕದ ಆರಂಭದಲ್ಲಿ ಅದನ್ನು ಬೆಳೆಸಿದ್ದೇ ತಿರುಗುವ ಮೋಟಾರುಗಳ ಅಧ್ಯಯನಕ್ಕೆ. ಆದರೆ ಪ್ರತಿ ಸುತ್ತಿನಲ್ಲೂ ಒಂದೇ ರೀತಿ ಮರುಕಳಿಸುವ ಚಲನೆ ಮಾತ್ರ ಅದರಲ್ಲಿ ನಿಂತಂತೆ ಕಾಣುತ್ತದೆ. ಇವರ ಮಗ್ಗ ತಾಸಿಗೆ ಒಂಬತ್ತು ಸಾವಿರ ಹೊಕ್ಕು ಹಾಕುತ್ತದೆ, ಅದರಲ್ಲಿ ತಪ್ಪುವುದು ನಾಲ್ಕೈದು. ಆ ನಾಲ್ಕೈದು ದೀಪದ ಮುಂದೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತವೆ, ಅವನ್ನು ತಿರುಗಿ ನೋಡುವಂತಿಲ್ಲ. ದುಬಾರಿ ಕ್ಯಾಮೆರಾಗಳು ಹಳೆಯದನ್ನು ಅಳಿಸುತ್ತ ಸತತವಾಗಿ ದಾಖಲಿಸುತ್ತಿದ್ದು, ಘಟನೆ ನಡೆದ ಮೇಲೆ ಗುಂಡಿ ಒತ್ತಿದರೆ ಅದರ ಹಿಂದಿನ ಕೆಲವು ಸೆಕೆಂಡುಗಳನ್ನು ಉಳಿಸಿಕೊಡುತ್ತವೆ. ಫೋನಿನಲ್ಲಿ ಆ ಅನುಕೂಲ ಇಲ್ಲದಿದ್ದರೆ ಎರಡೆರಡು ನಿಮಿಷ ತೆಗೆದು, ಮಗ್ಗ ನಿಲ್ಲದಿದ್ದರೆ ಅಳಿಸಿ, ಮತ್ತೆ ತೆಗೆಯುತ್ತ ಹೋಗಬೇಕು, ಅಷ್ಟೆ.

ಉತ್ತರ 4: ಹಳೆಯ ಜಾಬರ್, ಗಜೇಂದ್ರಗಡ

ಬೆಟಗೇರಿಯ ಸಹೋದರರಿಗೆ ನಮಸ್ಕಾರ. ಮೂವತ್ತು ವರ್ಷ ಮಗ್ಗ ಕಟ್ಟಿದವನಾಗಿ ಒಂದು ಮಾತು. ಲಾಳಿ ಎಡಗಡೆಗೆ ತಡವಾಗಿ ಮುಟ್ಟಿತು ಎಂದರೆ ಎಡಗಡೆಯನ್ನು ಏಕೆ ಬಿಚ್ಚುತ್ತೀರಿ? ಹೊರಟ ಜಾಗವನ್ನು ನೋಡಿ, ಅದಕ್ಕಿಂತ ಹಿಂದಿನ ಹೊಕ್ಕಿನಲ್ಲಿ ಲಾಳಿ ಬಲಗಡೆಗೆ ಬಂದು ಹೇಗೆ ಕುಳಿತಿತು ಎಂಬುದನ್ನು ನೋಡಿ. ಬಂದ ಲಾಳಿ ಪಿಕ್ಕರಿಗೆ ಬಡಿದು ಹಿಂದಕ್ಕೆ ಪುಟಿದು ನಿಂತಿದ್ದರೆ ಮುಂದಿನ ಹೊಡೆತದಲ್ಲಿ ಪಿಕ್ಕರ್ ಮೊದಲು ಬರಿಯ ಗಾಳಿಯಲ್ಲಿ ಓಡಿ ಆಮೇಲೆ ಲಾಳಿಗೆ ತಾಗುತ್ತದೆ. ತಳ್ಳುವ ದೂರ ಅಷ್ಟು ಕಡಿಮೆಯಾಗಿ ಲಾಳಿಗೆ ವೇಗ ಸಾಲದು.

ಹಣಿಗೆ ಬಟ್ಟೆಗೆ ಬಡಿಯುವ ಸ್ಥಾನವನ್ನು ಸೊನ್ನೆ ಎಂದು ಇಟ್ಟುಕೊಂಡರೆ, ಸರಿಯಾದ ಮಗ್ಗದಲ್ಲಿ ಲಾಳಿ ಸುಮಾರು 110 ಡಿಗ್ರಿಗೆ, ಎಳೆಗಳು ಮೇಲೆ ಕೆಳಗೆ ತೆರೆದುಕೊಂಡ ಹಾಸಿನ ಬಾಯೊಳಗೆ ಹೋಗಿ 240ರ ಸುಮಾರಿಗೆ ಹೊರಬರಬೇಕು. ಕ್ರ್ಯಾಂಕ್ ದಂಡದ ಗಾಲಿಯ ಅಂಚಿಗೆ ಕಾಗದದ ಪಟ್ಟಿ ಸುತ್ತಿ 36 ಸಮಭಾಗದ ಗೆರೆ ಎಳೆಯಿರಿ, ಪಕ್ಕದಲ್ಲಿ ಅಲುಗದ ಮುಳ್ಳೊಂದನ್ನು ನಿಲ್ಲಿಸಿ. ಅದೂ ವಿಡಿಯೊದಲ್ಲಿ ಬರಲಿ. ಲಾಳಿಗೆ ಗುರುತಿಗಾಗಿ ಟೇಪು ಮಾತ್ರ ಅಂಟಿಸಬೇಡಿ, ಅದರ ಅಂಚು ಎದ್ದರೆ ಹಾಸನ್ನೇ ಕಿತ್ತು ತರುತ್ತದೆ. ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟು ಪೂರ್ತಿ ಒಣಗಿಸಿರಿ. ಫೋನಿನ ಸ್ಟ್ಯಾಂಡು ಮಗ್ಗಕ್ಕೆ ತಾಗದೆ ನೆಲದ ಮೇಲಿರಲಿ, ಮತ್ತು ಲಾಳಿ ಹೋಗುವ ಸಾಲಿನಲ್ಲಿ, ಮಗ್ಗದ ಎರಡು ತುದಿಗಳಲ್ಲಿ, ನೀವಾಗಲಿ ಮಕ್ಕಳಾಗಲಿ ನಿಲ್ಲಬೇಡಿ. ಹಾರಿ ಬಂದ ಲಾಳಿಯ ಉಕ್ಕಿನ ಮೂತಿ ಏನು ಮಾಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉತ್ತರ 5: ಮಗ್ಗದ ಮನೆ, ಬೆಟಗೇರಿ

ಮಾಸ್ತರರಿಗೂ ಗಜೇಂದ್ರಗಡದ ಕಾಕಾ ಅವರಿಗೂ ಶರಣು. ಉತ್ತರ ಬರೆಯಲು ಹತ್ತು ದಿನ ಹಿಡಿಯಿತು.

ಗುಂಡು ಬೀಳಿಸಿದಾಗ ಮೂರು ಸಲವೂ 108 ಅಥವಾ 109 ಚಿತ್ರ ಬಂತು. ಚಾವಣಿಯ ಒಂದು ತಗಡನ್ನು ಸರಿಸಿ ಹನ್ನೆರಡರಿಂದ ಎರಡು ಗಂಟೆಯ ಬಿಸಿಲನ್ನು ಮಗ್ಗದ ಮೇಲೆ ಬಿಟ್ಟುಕೊಂಡೆವು. ಮೊದಲ ದಿನ ಮಗ್ಗದ ಪೂರ್ತಿ ಅಗಲ ಕಾಣುವಂತೆ ತೆಗೆದೆ. ಬಲದಿಂದ ಎಡಕ್ಕೆ ಸರಿಯಾಗಿ ಹೋದ ಹೊಕ್ಕುಗಳಲ್ಲಿ, ಲಾಳಿಯ ಮೂತಿ ಹಾಸಿನೊಳಗೆ ಹೋದ ಚಿತ್ರದಿಂದ ಅದರ ಬಾಲ ಹೊರಬಂದ ಚಿತ್ರದವರೆಗೆ 35 ಎಣಿಕೆಯಾಯಿತು. ಲಾಳಿಯ ಉದ್ದ 35 ಸೆಂಟಿಮೀಟರನ್ನೂ ಸೇರಿಸಿದರೆ 1.65 ಮೀಟರ್ ದಾರಿ, ಅಂದರೆ ಸೆಕೆಂಡಿಗೆ 11.3 ಮೀಟರ್. ಮಗ್ಗ ನಿಂತ ಹೊಕ್ಕಿನಲ್ಲಿ ಅದೇ ದಾರಿಗೆ 39 ಚಿತ್ರ ಹಿಡಿಯಿತು, ವೇಗ 10.2ಕ್ಕೆ ಇಳಿದಿತ್ತು. ಎಣಿಕೆಯಲ್ಲಿ ಒಂದು ಚಿತ್ರ ಆಚೀಚೆ ಆದರೂ ನಾಲ್ಕು ಚಿತ್ರಗಳ ವ್ಯತ್ಯಾಸ ಅಳತೆಯ ತಪ್ಪಲ್ಲ ಎಂದುಕೊಂಡಿದ್ದೇನೆ, ತಪ್ಪಿದ್ದರೆ ಮಾಸ್ತರರು ತಿದ್ದಬೇಕು.

ಎರಡನೆಯ ದಿನ ಫೋನನ್ನು ಬಲಗಡೆಯ ಪೆಟ್ಟಿಗೆಗೆ ತಿರುಗಿಸಿದೆ. ಮೆಮೊರಿ ತುಂಬಿ, ಅಳಿಸಿ, ಮತ್ತೆ ತೆಗೆಯುತ್ತ ಎರಡು ತಾಸಿನಲ್ಲಿ ಮಗ್ಗ ನಿಂತ ಮೂರು ಘಟನೆಗಳು ಸಿಕ್ಕವು. ಮೂರರಲ್ಲೂ ಕಂಡದ್ದು ಒಂದೇ: ಲಾಳಿ ಬಂದು ಪಿಕ್ಕರಿಗೆ ಬಡಿಯುತ್ತದೆ, ಬಿಳಿ ಚುಕ್ಕೆ ಅಳತೆಪಟ್ಟಿಯ ಮೇಲೆ ಮೆಲ್ಲಗೆ ಹಿಂದಕ್ಕೆ ಸರಿದು 22 ಮಿಲಿಮೀಟರ್ ದೂರದಲ್ಲಿ ನಿಲ್ಲುತ್ತದೆ, ಮುಂದಿನ ಹೊಡೆತದಲ್ಲಿ ಪಿಕ್ಕರ್ ಹೊರಟ ಮೇಲೂ ಒಂದೆರಡು ಚಿತ್ರಗಳಲ್ಲಿ ಚುಕ್ಕೆ ಕದಲುವುದೇ ಇಲ್ಲ. ಸರಿಯಾದ ಹೊಕ್ಕುಗಳಲ್ಲಿ ಅದು ಪುಟಿಯುವುದು ನಾಲ್ಕೈದು ಮಿಲಿಮೀಟರ್ ಮಾತ್ರ. ಬಲಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಲಾಳಿಯನ್ನು ಒತ್ತಿ ಹಿಡಿಯಬೇಕಾದ ಸ್ವೆಲ್‌ನ ಚರ್ಮ ಎಣ್ಣೆ ಕುಡಿದು ಕನ್ನಡಿಯಂತೆ ಹೊಳೆಯುತ್ತಿತ್ತು. ಬೆರಳಿಟ್ಟರೆ ಜಾರುತ್ತಿತ್ತು. ಪಿಕ್ಕರಿನ ದಂಡಕ್ಕೆ ದಿನಾ ಬೆಳಿಗ್ಗೆ ಎಣ್ಣೆ ಹಾಕುವವನು ನಾನೇ, ಅದೇ ಸೋರಿ ಅಲ್ಲಿಗೆ ಇಳಿದಿದೆ. ಈ ಎರಡು ತಿಂಗಳು ಜಾಬರರನ್ನು ಬೈದದ್ದು ನೆನಪಾಗಿ ನಾಚಿಕೆಯಾಯಿತು.

ಚರ್ಮ ಬದಲಾಯಿಸಿದ ಮೇಲೆ ಆರು ದಿನ ಕಳೆದಿವೆ. ಹಗಲಿನಲ್ಲಿ ಮಗ್ಗ ಒಮ್ಮೆಯೂ ನಿಂತಿಲ್ಲ. ಸಂಜೆ ಏಳರ ಮೇಲೆ ಮಾತ್ರ ಎರಡು ಸಲ ನಿಂತಿತು, ಆಗ ದೀಪಗಳೂ ಮಂಕಾಗಿದ್ದವು.

ಉತ್ತರ 6: ಭೌತಶಾಸ್ತ್ರದ ಮಾಸ್ತರ, ಧಾರವಾಡ

ಎಣಿಕೆ ಸರಿಯಾಗಿದೆ, ಒಂದು ಚಿತ್ರದ ತಪ್ಪು ನಿಮ್ಮ ವೇಗದಲ್ಲಿ ನೂರಕ್ಕೆ ಮೂರರಷ್ಟು ಮಾತ್ರ. ಸಂಜೆಯ ದೋಷ ಬೇರೆಯದೇ ಇರಬೇಕು. ಆಗ ಲಾಳಿಯನ್ನು ಬಿಟ್ಟು ಗಾಲಿಯ ಅಂಚಿನ ಗೆರೆಗಳನ್ನಷ್ಟೇ ಬ್ಯಾಟರಿ ದೀಪದಲ್ಲಿ ತೆಗೆಯಿರಿ. ಒಂದು ಸುತ್ತಿಗೆ 96ರ ಬದಲು 100 ಚಿತ್ರ ಹಿಡಿದರೆ ಮಗ್ಗವೇ 144ಕ್ಕೆ ಇಳಿದಿದೆ ಎಂದು ಅರ್ಥ.

ಉತ್ತರ 7: ಹಳೆಯ ಜಾಬರ್, ಗಜೇಂದ್ರಗಡ

ಹೊಸ ಚರ್ಮ ಹದಿನೈದು ದಿನದಲ್ಲಿ ಕುಳಿತು ತೆಳುವಾಗುತ್ತದೆ. ಆಗ ಸ್ವೆಲ್‌ನ ಸ್ಪ್ರಿಂಗನ್ನು ಅರ್ಧ ಸುತ್ತು ಬಿಗಿ ಮಾಡಿ, ಪುಟಿತವನ್ನು ಇನ್ನೊಮ್ಮೆ ತೆಗೆದು ಇಲ್ಲಿ ಹಾಕಿ. ಮತ್ತು ಎಣ್ಣೆಯನ್ನು ಡಬ್ಬಿಯಿಂದ ಸುರಿಯದೆ ಬತ್ತಿಯಿಂದ ಹಚ್ಚಿ.