ಮೇವು ತೀರಿದಾಗ ಕಡಲಿನಲ್ಲಿ ಮೇಯುವ ಪ್ರಾಣಿಗಳು ಏನು ಮಾಡುತ್ತವೆ?

ಪ್ರಶ್ನೆ:
ಬರಗಾಲದಲ್ಲಿ ನೆಲದ ಪ್ರಾಣಿಗಳು ಮೇವಿರುವ ಕಡೆಗೆ ವಲಸೆ ಹೋಗುತ್ತವೆ. ಆದರೆ ಒಂದೇ ದ್ವೀಪದ ಬಂಡೆಗಳ ಮೇಲಿನ ಪಾಚಿಯನ್ನು ನಂಬಿದ ಪ್ರಾಣಿಗಳ ಗತಿಯೇನು? ಪೆಸಿಫಿಕ್ ಸಾಗರದ ಗಾಲಪಗೋಸ್ ದ್ವೀಪಗಳ ಕಡಲ ಇಗುವಾನಾಗಳು (ಪಾಚಿ ಮೇಯುವ ದೊಡ್ಡ ಹಲ್ಲಿಗಳು) ಹಸಿವಿನಿಂದ ಕುಗ್ಗುತ್ತವೆ ಎಂದು ಓದಿದೆ. ಅವುಗಳ ತೂಕ ಮಾತ್ರ ಇಳಿಯುತ್ತದೆಯೇ ಅಥವಾ ಉದ್ದವೂ ಕಡಿಮೆಯಾಗುತ್ತದೆಯೇ?

ಉತ್ತರ 1:
ಉದ್ದವೂ ಕಡಿಮೆಯಾಗುತ್ತದೆ. ಎಲ್ ನಿನೊ (ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದ ಮೇಲ್ನೀರು ಕಾಯುವ ವಿದ್ಯಮಾನ) ವರ್ಷಗಳಲ್ಲಿ ನೀರು ಬಿಸಿಯಾಗಿ, ಆಳದಿಂದ ಪೋಷಕಾಂಶಗಳನ್ನು ಹೊತ್ತು ಮೇಲೇಳುವ ತಣ್ಣೀರು ಕುಂದುವುದರಿಂದ, ಇಗುವಾನಾಗಳು ಮೇಯುವ ಹಸಿರು ಮತ್ತು ಕೆಂಪು ಪಾಚಿ ಕ್ಷೀಣಿಸಿ, ಅವುಗಳಿಗೆ ಸುಲಭವಾಗಿ ಜೀರ್ಣವಾಗದ ಕಂದು ಪಾಚಿ ಹಬ್ಬುತ್ತದೆ. 2000ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ವರ್ಷಗಳೊಳಗೆ ಕೆಲವು ಇಗುವಾನಾಗಳ ಉದ್ದ ಶೇ. 20ರವರೆಗೆ ಕುಗ್ಗಿತ್ತು. ಮೆದು ಅಂಗಾಂಶಗಳ ನಷ್ಟವೊಂದರಿಂದಲೇ ಇಷ್ಟು ಕುಗ್ಗಲು ಸಾಧ್ಯವಿಲ್ಲವಾದ್ದರಿಂದ, ದೇಹವು ತನ್ನ ಮೂಳೆಯನ್ನೂ ಹೀರಿಕೊಂಡಿರಬೇಕೆಂದು ಸಂಶೋಧಕರು ಭಾವಿಸಿದರು. ನನಗೆ ಅತ್ಯಂತ ಮಹತ್ವದ್ದೆನಿಸುವ ಸಂಗತಿ ಬೇರೆಯೇ ಇದೆ: ದೊಡ್ಡ ಇಗುವಾನಾಗಳಲ್ಲಿ ಹೆಚ್ಚು ಕುಗ್ಗಿದವು ಹೆಚ್ಚು ಕಾಲ ಬದುಕಿದವು, ಏಕೆಂದರೆ ಸಣ್ಣ ದೇಹಕ್ಕೆ ಕಡಿಮೆ ಮೇವು ಸಾಲುತ್ತದೆ. ಪಾಚಿ ಮರಳಿದಾಗ ಅವು ಮತ್ತೆ ಬೆಳೆದವು.

ಉತ್ತರ 2:
ಸೀ ಅರ್ಚಿನ್‌ಗಳು (ಮೈಯೆಲ್ಲ ಮುಳ್ಳಿರುವ ದುಂಡನೆಯ ಕಡಲ ಜೀವಿಗಳು) ಇನ್ನೂ ದೀರ್ಘಕಾಲ ತಾಳುತ್ತವೆ. ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ 2014ರ ನಂತರ ಶೇ. 90ಕ್ಕೂ ಹೆಚ್ಚು ಕೆಲ್ಪ್ (ಎತ್ತರಕ್ಕೆ ಬೆಳೆಯುವ ಕಂದು ಕಡಲಪಾಚಿ) ಕಾಡು ಅಳಿದರೂ ನೇರಳೆ ಅರ್ಚಿನ್‌ಗಳು ಅಳಿಯಲಿಲ್ಲ. ಅವು ಉಸಿರಾಟವನ್ನು ತಗ್ಗಿಸಿ, ಸಂತಾನೋತ್ಪತ್ತಿಯ ಅಂಗಗಳಲ್ಲಿ ಕೂಡಿಟ್ಟ ಪೋಷಕಾಂಶವನ್ನು ಬಳಸಿಕೊಂಡು, ಒಳಗೆ ಬಹುತೇಕ ಖಾಲಿಯಾಗಿ ವರ್ಷಗಟ್ಟಲೆ ಕಾಯುತ್ತವೆ. ಈ ತಾಳ್ಮೆಯೇ ಕಾಡಿಗೆ ಮಾರಕವೂ ಹೌದು; ಚಿಗುರುವ ಕೆಲ್ಪ್ ಅನ್ನು ಹಸಿದ ಅರ್ಚಿನ್‌ಗಳು ತಿಂದುಬಿಡುವುದರಿಂದ ಅದು ಮರಳಿ ತಲೆಯೆತ್ತುವುದಿಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಕಡಲಹುಲ್ಲು ಮೇಯುವ ಡುಗಾಂಗ್‌ನಂಥ (ಕಡಲಹಸು) ಸಸ್ತನಿಗಳಿಗೂ ಹೀಗೆ ಕಾಯಲು ಸಾಧ್ಯವೇ?

ಉತ್ತರ 1:
ಅಷ್ಟು ಕಾಲ ಸಾಧ್ಯವಿಲ್ಲ. ಬಿಸಿರಕ್ತದ ದೇಹವು ಉಷ್ಣತೆಯನ್ನು ಕಾಯ್ದುಕೊಳ್ಳಲೇಬೇಕು. ಆಸ್ಟ್ರೇಲಿಯಾದ ಹರ್ವಿ ಕೊಲ್ಲಿಯಲ್ಲಿ 1992ರ ಪ್ರವಾಹ ಮತ್ತು ಚಂಡಮಾರುತದಿಂದ ಸುಮಾರು 1,000 ಚದರ ಕಿ.ಮೀ. ಕಡಲಹುಲ್ಲು ನಾಶವಾದಾಗ, ಎಷ್ಟೋ ಡುಗಾಂಗ್‌ಗಳು ದೂರದ ತೀರಗಳಿಗೆ ವಲಸೆ ಹೋದವು, ಅನೇಕವು ಸತ್ತವು. ಉಳಿದವುಗಳಲ್ಲಿ ಮರಿಗಳ ಪ್ರಮಾಣ ತೀವ್ರವಾಗಿ ಇಳಿಯಿತು. ಫ್ಲಾರಿಡಾದಲ್ಲಿ 2021ರಲ್ಲಿ ಡುಗಾಂಗ್‌ನ ಸಂಬಂಧಿಗಳಾದ 1,100 ಮನಾಟೀಗಳು ಸತ್ತವು; ಅವುಗಳಲ್ಲಿ ಬಹಳಷ್ಟು ಸಾವುಗಳಿಗೆ ಇಂಡಿಯನ್ ರಿವರ್ ಹಿನ್ನೀರಿನಲ್ಲಿ ಕಡಲಹುಲ್ಲು ಅಳಿದು ಉಂಟಾದ ಹಸಿವೇ ಕಾರಣ. ಹಸಿರಾಮೆಗಳು ಮಾತ್ರ ನಡುವಿನ ದಾರಿ ಹಿಡಿಯುತ್ತವೆ: ಮೇವು ಕಡಿಮೆಯಾದ ವರ್ಷ ಹೆಣ್ಣಾಮೆಗಳು ಮೊಟ್ಟೆಯಿಡಲು ಹೋಗದೆ, ಕೊಬ್ಬು ಸಾಕಷ್ಟು ಕೂಡುವವರೆಗೆ ಮೇಯುವ ತಾಣದಲ್ಲೇ ಉಳಿಯುತ್ತವೆ.