ಮಾಲ್ಕಿ ಜಮೀನಿನಲ್ಲಿರುವ ಕಾಡನ್ನು ಶಾಶ್ವತವಾಗಿ ಉಳಿಸಲು ಸರ್ಕಾರದ ಅನುದಾನ ಸಿಗುತ್ತದೆಯೇ?

ಪ್ರಶ್ನೆ: ಮಲಪ್ರಭೆ ದಂಡೆ (ಖಾನಾಪುರ)

ಎಲ್ಲರಿಗೂ ನಮಸ್ಕಾರ. ಖಾನಾಪುರ ತಾಲೂಕಿನಲ್ಲಿ, ಭೀಮಗಡ ವನ್ಯಜೀವಿಧಾಮದ ಅಂಚಿಗೆ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಮನೆತನದ ಮಾಲ್ಕಿ ಜಮೀನಿದೆ. ಕೆಳಭಾಗದಲ್ಲಿ ಭತ್ತದ ಗದ್ದೆಗಳಿವೆ. ಮೇಲಿನ ಇಳಿಜಾರನ್ನು ಅಜ್ಜನ ಕಾಲದಿಂದ ಯಾರೂ ಉತ್ತಿಲ್ಲ, ಕಡಿದೂ ಇಲ್ಲ. ಮತ್ತಿ, ಹೊನ್ನೆ, ನೇರಳೆ, ಅಳಲೆ ಮರಗಳ ನಡುವೆ ಹರಿಯುವ ಹಳ್ಳದಲ್ಲಿ ಯುಗಾದಿಯವರೆಗೂ ನೀರಿರುತ್ತದೆ. ಸಂಜೆಯಾದರೆ ಕಾಡುಕೋಣಗಳು ಅಲ್ಲಿಗೆ ಇಳಿಯುತ್ತವೆ, ಮರುದಿನ ಗದ್ದೆಯ ಬದುವಿನ ಮೇಲೆ ಅವುಗಳ ಗೊರಸಿನ ಗುರುತು ಎದ್ದು ಕಾಣುತ್ತದೆ. ಉತಾರದಲ್ಲಿ (ಪಹಣಿಯಲ್ಲಿ) ಮಾತ್ರ ಇದೆಲ್ಲವೂ ಕೃಷಿ ಜಮೀನು ಮತ್ತು ಒಂದಿಷ್ಟು ಖರಾಬು ಎಂದಷ್ಟೇ ನಮೂದಾಗಿದೆ.

ಚೋರ್ಲಾ ರಸ್ತೆಯ ಆಸುಪಾಸಿನಲ್ಲಿ ರೆಸಾರ್ಟ್ ಮತ್ತು ಫಾರ್ಮ್‌ಹೌಸುಗಳಿಗೆ ಜಾಗ ಹುಡುಕುವ ಏಜೆಂಟರು ಈಗ ನಮ್ಮ ಮನೆಗೂ ಬರತೊಡಗಿದ್ದಾರೆ. ನಮ್ಮ ತಂದೆಯವರಿಗೆ ಆ ಇಳಿಜಾರನ್ನು ಮಾರುವ ಮನಸ್ಸಿಲ್ಲ. ಕಾಕಾ ಅವರಿಗೂ ಕಾಡು ಹೋಗಲಿ ಎಂಬ ಆಸೆಯೇನಿಲ್ಲ, ಆದರೆ ಮುಂದೆ ವಾಟ್ನಿ (ಆಸ್ತಿ ಹಂಚಿಕೆ) ಆದಾಗ ತಮ್ಮ ಪಾಲಿಗೆ ಬರುವ ಭೂಮಿಯಿಂದ ಮಕ್ಕಳಿಗೆ ನಾಲ್ಕು ಕಾಸು ಬರಬೇಕೆಂಬ ಅವರ ಮಾತನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಅಮೆರಿಕದಲ್ಲಿರುವ ನಮ್ಮ ಅತ್ತೆಯ ಮಗ ಹೇಳುವ ಪ್ರಕಾರ ಅಲ್ಲಿ ಇಂತಹ ಜಮೀನಿನ ಮಾಲೀಕತ್ವ ಕುಟುಂಬದಲ್ಲೇ ಉಳಿಯುತ್ತದೆ. ಕಟ್ಟಡ ಕಟ್ಟುವ, ತುಂಡು ಮಾಡಿ ಮಾರುವ ಹಕ್ಕನ್ನು ಮಾತ್ರ ಶಾಶ್ವತವಾಗಿ ಬಿಟ್ಟುಕೊಟ್ಟರೆ, ಅದರ ಬೆಲೆಯಲ್ಲಿ ಮುಕ್ಕಾಲು ಪಾಲನ್ನು ಸರ್ಕಾರವೇ ಭರಿಸುತ್ತದೆಯಂತೆ. ಇದು ಎಷ್ಟರಮಟ್ಟಿಗೆ ನಿಜ, ಮತ್ತು ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರವಾದ ವ್ಯವಸ್ಥೆ ಏನಾದರೂ ಇದೆಯೇ ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ದೂರದ ಗೋಕಾಕ

ನಿಮ್ಮ ಅತ್ತೆಯ ಮಗ ಹೇಳಿದ್ದು ನಿಜ. ಆದರೆ ಆ ಮುಕ್ಕಾಲು ಪಾಲಿನ ಹಿಂದೆ ಇನ್ನೂ ಒಂದು ಕಾಲು ಪಾಲಿದೆ ಎಂಬುದನ್ನು ಮರೆಯುವಂತಿಲ್ಲ. ಭೂಸಂರಕ್ಷಣೆಯ ಇಂತಹ ಕಡತಗಳೊಡನೆ ನನ್ನ ನಿತ್ಯದ ಕೆಲಸವಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಮೆರಿಕದಲ್ಲಿ ಖಾಸಗಿ ಕಾಡುಗಳಿಗೆ ಸಂಬಂಧಿಸಿದ ಯೋಜನೆಯ ಹೆಸರು ‘ಫಾರೆಸ್ಟ್ ಲೆಗಸಿ’. ಇದು 1990ರ ಕೃಷಿ ಮಸೂದೆಯ ಮೂಲಕ ಬಂತು. ಕೇಂದ್ರ ಸರ್ಕಾರ ಯೋಜನಾ ವೆಚ್ಚದ ಶೇ 75ರವರೆಗೆ ಕೊಡುತ್ತದೆ. ಉಳಿದ ಕನಿಷ್ಠ ಶೇ 25ನ್ನು ರಾಜ್ಯ, ಸ್ಥಳೀಯ ಆಡಳಿತ, ಭೂಸಂರಕ್ಷಣಾ ಟ್ರಸ್ಟ್ ಅಥವಾ ಸ್ವತಃ ಮಾಲೀಕರು ವಂತಿಗೆಯಾಗಿ ಹೊಂದಿಸಬೇಕು. ಹಣ ಬರುವುದು ಭೂಮಿ ಮತ್ತು ಜಲ ಸಂರಕ್ಷಣಾ ನಿಧಿಯಿಂದ. ಸಮುದ್ರದೊಳಗಿನ ತೈಲ ಮತ್ತು ಅನಿಲ ಗುತ್ತಿಗೆಗಳ ಆದಾಯವೇ ಆ ನಿಧಿಯ ಮೂಲ. 2020ರ ಕಾನೂನಿನಿಂದ ಆ ನಿಧಿಗೆ ವರ್ಷಕ್ಕೆ 90 ಕೋಟಿ ಡಾಲರ್ ಖಾಯಂ ಆಯಿತು, ಅದರಲ್ಲಿ ಒಂದು ಭಾಗ ಮಾತ್ರ ಈ ಯೋಜನೆಗೆ ಹೋಗುತ್ತದೆ. ಕೃಷಿಭೂಮಿ ಮತ್ತು ಜೌಗುಭೂಮಿಗಳಿಗೆ 2014ರ ಕೃಷಿ ಕಾಯ್ದೆಯಡಿ ರೂಪುಗೊಂಡ ಇನ್ನೊಂದು ಯೋಜನೆಯಿದೆ: ಅದರಲ್ಲಿ ಕೃಷಿಭೂಮಿಗೆ ಕೇಂದ್ರದ ಪಾಲು ಶೇ 50ರವರೆಗೆ, ವಿಶೇಷ ಪರಿಸರ ಮಹತ್ವವುಳ್ಳ ಹುಲ್ಲುಗಾವಲಿಗೆ ಶೇ 75ರವರೆಗೆ, ಜೌಗುಭೂಮಿಯ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಟ್ಟರೆ ಆ ಹಕ್ಕಿನ ಪೂರ್ತಿ ಬೆಲೆ.

ಬೆಲೆ ಎಂದರೆ ಏನು ಎಂಬುದನ್ನು ಅನೇಕರು ತಪ್ಪು ತಿಳಿಯುತ್ತಾರೆ. ಅದು ಜಮೀನಿನ ಬೆಲೆಯಲ್ಲ. ಯಾವ ನಿರ್ಬಂಧವೂ ಇಲ್ಲದಿದ್ದರೆ ನಿಮ್ಮ ಇಳಿಜಾರು ಎಕರೆಗೆ 40 ಲಕ್ಷಕ್ಕೆ ಹೋಗುತ್ತದೆ, ‘ಇಲ್ಲಿ ಎಂದಿಗೂ ಕಟ್ಟುವಂತಿಲ್ಲ’ ಎಂಬ ಷರತ್ತು ಬಿದ್ದ ಮೇಲೆ 15 ಲಕ್ಷಕ್ಕೆ ಮಾತ್ರ ಹೋಗುತ್ತದೆ ಎಂದು ಬರೀ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಡುವಿನ 25 ಲಕ್ಷವೇ ನೀವು ಬಿಟ್ಟುಕೊಡುವ ಹಕ್ಕಿನ ಬೆಲೆ. ಫಾರೆಸ್ಟ್ ಲೆಗಸಿಯ ಪ್ರಮಾಣದಲ್ಲಿ ಅದರಲ್ಲಿ 18.75 ಲಕ್ಷ ಕೇಂದ್ರದಿಂದ ಬರುತ್ತದೆ, ಉಳಿದ 6.25 ಲಕ್ಷ ವಂತಿಗೆ. ಎಷ್ಟೋ ಮಾಲೀಕರು ಆ ಕಾಲು ಪಾಲಿನ ಬೆಲೆಯನ್ನು ಬಿಟ್ಟುಕೊಟ್ಟು ಅದನ್ನೇ ತಮ್ಮ ವಂತಿಗೆಯೆಂದು ತೋರಿಸುತ್ತಾರೆ, ನಿಯಮಗಳಿಗೆ ಹೊಂದಿದರೆ ಆ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿಯನ್ನೂ ಪಡೆಯುತ್ತಾರೆ.

ಹಣ ಕೈಗೆ ಬಂದಲ್ಲಿಗೆ ವ್ಯವಹಾರ ಮುಗಿಯುವುದಿಲ್ಲ. ನೀವು ಬಿಟ್ಟುಕೊಟ್ಟ ಹಕ್ಕನ್ನು ಹಿಡಿದಿರುವ ಇಲಾಖೆ ಅಥವಾ ಟ್ರಸ್ಟ್ ಮೊದಲು ಜಮೀನಿನ ಸ್ಥಿತಿಯನ್ನು ಚಿತ್ರ ಮತ್ತು ನಕ್ಷೆಗಳೊಡನೆ ದಾಖಲಿಸಿ, ಆಮೇಲೆ ಪ್ರತಿ ವರ್ಷ ಬಂದು ಷರತ್ತು ಮುರಿದಿದೆಯೇ ಎಂದು ನೋಡುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆ ನಿಂತಿರುವುದು ಈ ವಾರ್ಷಿಕ ಭೇಟಿಯ ಮೇಲೆ.

ಉತ್ತರ: ಕೋರ್ಟ್ ಕಟ್ಟೆ (ಬೆಳಗಾವಿ)

ಮೇಲಿನವರು ಅಲ್ಲಿಯ ವ್ಯವಸ್ಥೆಯನ್ನು ಚೆನ್ನಾಗಿ ವಿವರಿಸಿದ್ದಾರೆ. ಇಲ್ಲಿಯ ವಿಷಯಕ್ಕೆ ಬಂದರೆ, ಶಾಶ್ವತತೆ ಬೇರೆ, ಹಣ ಬೇರೆ ಎಂದು ವಿಂಗಡಿಸಿ ನೋಡಬೇಕಾಗುತ್ತದೆ. ಮೊದಲನೆಯದಕ್ಕೆ ನಮ್ಮ ಕಾನೂನಿನಲ್ಲಿ ದಾರಿ ಇದೆ, ಎರಡನೆಯದಕ್ಕೆ ಬಹುಮಟ್ಟಿಗೆ ಇಲ್ಲ.

ಅಮೆರಿಕದ ಮಾದರಿಯ ಕರಾರನ್ನು ಇಲ್ಲಿ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಮಾತ್ರಕ್ಕೆ ಅದು ಮುಂದಿನ ಎಲ್ಲ ಮಾಲೀಕರನ್ನೂ ಕಟ್ಟಿಹಾಕುವುದಿಲ್ಲ. 1882ರ ಅನುಭೋಗ ಹಕ್ಕುಗಳ (ಈಸ್‌ಮೆಂಟ್) ಕಾಯ್ದೆಯ 4ನೇ ಕಲಮಿನಂತೆ, ಒಂದು ಜಮೀನಿನ ಮೇಲೆ ಇಂತಹ ಹಕ್ಕು ಹುಟ್ಟಬೇಕಾದರೆ ಅದರಿಂದ ಪ್ರಯೋಜನ ಪಡೆಯುವ ಇನ್ನೊಂದು ಜಮೀನು ಇರಲೇಬೇಕು. ನೆರೆಯವನ ಹೊಲಕ್ಕೆ ಹೋಗುವ ಬಂಡಿದಾರಿ ಇದಕ್ಕೆ ಸರಿಯಾದ ಉದಾಹರಣೆ. ಜಮೀನೇ ಇಲ್ಲದ ಸಂಸ್ಥೆಯೊಂದು ನಿಮ್ಮ ಕಾಡಿನ ಮೇಲೆ ಅಂತಹ ಹಕ್ಕನ್ನು ಹೊಂದಲು ಇಲ್ಲಿ ಅವಕಾಶವಿಲ್ಲ. ‘ಮುಂದೆ ಯಾರೂ ಮಾರಬಾರದು’ ಎಂದು ಪತ್ರದಲ್ಲಿ ಬರೆಸಿದರೂ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಮಿನ ಮುಂದೆ ಅದು ನಿಲ್ಲುವುದಿಲ್ಲ.

ನಿಮಗೆ ಒಪ್ಪುವ ದಾರಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಸಿ ಕಲಂ. 2002ರ ತಿದ್ದುಪಡಿಯಿಂದ ಬಂದ ಈ ಕಲಮಿನಡಿ ಒಬ್ಬ ವ್ಯಕ್ತಿ ಅಥವಾ ಒಂದು ಸಮುದಾಯ ತಾನಾಗಿ ಮುಂದೆ ಬಂದರೆ, ಖಾಸಗಿ ಭೂಮಿಯನ್ನು ಕೂಡ ರಾಜ್ಯ ಸರ್ಕಾರ ‘ಸಮುದಾಯ ಮೀಸಲು’ ಎಂದು ಘೋಷಿಸಬಹುದು. (36ಎ ಕಲಮಿನ ‘ಸಂರಕ್ಷಣಾ ಮೀಸಲು’ ಸರ್ಕಾರಿ ಭೂಮಿಗೆ ಸಂಬಂಧಿಸಿದ್ದು; ಎರಡನ್ನೂ ಕಲಸಬೇಡಿ.) ಮಾಲೀಕತ್ವ ನಿಮ್ಮಲ್ಲೇ ಇರುತ್ತದೆ. ಆದರೆ ಅಧಿಸೂಚನೆ ಹೊರಬಿದ್ದ ಮೇಲೆ ನಿರ್ವಹಣಾ ಸಮಿತಿಯ ಠರಾವು ಮತ್ತು ಸರ್ಕಾರದ ಅನುಮೋದನೆ ಎರಡೂ ಇಲ್ಲದೆ ಭೂಬಳಕೆಯನ್ನು ಬದಲಿಸುವಂತಿಲ್ಲ. 2022ರ ತಿದ್ದುಪಡಿಯ ಪ್ರಕಾರ ಖಾಸಗಿ ಭೂಮಿಯ ಸಮಿತಿಯಲ್ಲಿ ಮಾಲೀಕರೇ ಸದಸ್ಯರಾಗಿರುತ್ತಾರೆ, ಅವರೊಡನೆ ಅರಣ್ಯ ಇಲಾಖೆಯ ಪ್ರತಿನಿಧಿ ಮತ್ತು ಸಂಬಂಧಪಟ್ಟ ಪಂಚಾಯಿತಿ ಅಥವಾ ಬುಡಕಟ್ಟು ಸಮುದಾಯದ ಪ್ರತಿನಿಧಿ ಇರುತ್ತಾರೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಗಿರುವುದು ನಮ್ಮ ರಾಜ್ಯದಲ್ಲೇ ಇರುವ ನಿದರ್ಶನ.

ಇನ್ನು ಹಣ. ವನ್ಯಜೀವಿ ಆವಾಸಗಳ ಸಮಗ್ರ ಅಭಿವೃದ್ಧಿಯ ಕೇಂದ್ರ ಪುರಸ್ಕೃತ ಯೋಜನೆಯಲ್ಲಿ ಸಮುದಾಯ ಮೀಸಲುಗಳೂ ಸೇರುತ್ತವೆ. ವೆಚ್ಚದ ಹಂಚಿಕೆ ಕೇಂದ್ರದ್ದು 60, ರಾಜ್ಯದ್ದು 40. ಆದರೆ ಈ ಹಂಚಿಕೆ ಎರಡು ಸರ್ಕಾರಗಳ ನಡುವಿನದು. ಕಾವಲು, ಬೆಂಕಿರೇಖೆ, ನೀರಿನ ಹೊಂಡ ಇಂತಹ ಕಾಮಗಾರಿಗಳಿಗೆ ಅದು ಇಲಾಖೆಯ ಮೂಲಕ ಖರ್ಚಾಗುತ್ತದೆಯೇ ಹೊರತು, ಮಾಲೀಕನು ಬಿಟ್ಟುಕೊಟ್ಟ ಹಕ್ಕಿನ ಬೆಲೆಯಾಗಿ ಅವನ ಖಾತೆಗೆ ಜಮೆಯಾಗುವುದಿಲ್ಲ. ದಾನ ಮಾಡುತ್ತೇನೆಂದರೂ ಆದಾಯ ತೆರಿಗೆಯಲ್ಲಿ ದೇಣಿಗೆಯ ವಿನಾಯಿತಿ ಇರುವುದು ಹಣದ ರೂಪದ ದೇಣಿಗೆಗೆ, ಭೂಮಿಗಲ್ಲ. ಭೀಮಗಡದೊಳಗಿನ ತಳೇವಾಡಿಯ ಕುಟುಂಬಗಳು ಸ್ವಇಚ್ಛೆಯಿಂದ ಹೊರಬರಲು ಸರ್ಕಾರ ತಲಾ 15 ಲಕ್ಷ ರೂಪಾಯಿ ನಿಗದಿ ಮಾಡಿತು. ಕಾಡು ಬಿಟ್ಟು ಹೊರಡುವವನಿಗೆ ಒಂದು ದರವಿದೆ, ತನ್ನದೇ ಭೂಮಿಯಲ್ಲಿ ಕಾಡು ಕಾಯ್ದು ಕುಳಿತವನಿಗೆ ದರವೇ ಇಲ್ಲ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಉತ್ತರ: ಮರಡಿ ಹೊಲದವ (ಮುಧೋಳ)

ನಾನು ಬಾಗಲಕೋಟೆ ಜಿಲ್ಲೆಯವನು, ಆದ್ದರಿಂದ ಬೇರೆ ಕಡೆಯಿಂದ ನೋಡುತ್ತೇನೆ. ನಮ್ಮಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ 2016ರಲ್ಲಿ ಘೋಷಣೆಯಾಯಿತು. ಚಿಂಕಾರ ಎಂಬ ಈ ಸಣ್ಣ ಹುಲ್ಲೆಗೆ ಧಾಮದ ಗಡಿಕಲ್ಲು ತಿಳಿಯದು. ಅದು ಕುರುಚಲು ಮರಡಿಯಿಂದ ಇಳಿದು ನಮ್ಮ ಮಸಾರಿ ಹೊಲಗಳಿಗೆ ಬಂದು ಕಡಲೆಯ ಎಳೆ ಚಿಗುರು ಮೇಯ್ದು ಹೋಗುತ್ತದೆ. ಹಾಗೆ ಬಿಟ್ಟುಕೊಂಡಿರುವ ರೈತರಿಗೆ ಏನಾದರೂ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ‘ಶಾಶ್ವತ’ ಎಂಬುದಕ್ಕೆ ನಮ್ಮ ಭಾಗದಲ್ಲಿ ಯಾರೂ ಸುಲಭವಾಗಿ ಸಹಿ ಹಾಕುವುದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗಗಳೂ ಎಷ್ಟೋ ಊರುಗಳೂ ಹೋದವು, ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತಿನಲ್ಲಿ ಇನ್ನಷ್ಟು ಊರುಗಳ ಜನ ಪರಿಹಾರದ ದಾರಿ ಕಾಯುತ್ತಿದ್ದಾರೆ. ಸರ್ಕಾರ, ಜಮೀನು, ಶಾಶ್ವತ ಎಂಬ ಮಾತುಗಳು ಒಂದೇ ಕಾಗದದಲ್ಲಿ ಬಂದರೆ ಹಿರಿಯರು ಆ ಕಾಗದವನ್ನು ಪೂರ್ತಿ ಓದುವುದೂ ಇಲ್ಲ.

ಅಮೆರಿಕದಲ್ಲಿಯೇ ಜೌಗುಭೂಮಿಗೆ 30 ವರ್ಷದ ಕರಾರೂ ಇದೆ, ಅದಕ್ಕೆ ಸಿಗುವುದು ಶೇ 50ರಿಂದ 75ರಷ್ಟು ಎಂದು ಓದಿದ್ದೇನೆ. ಸವಕಳಿಯಾಗುವ ಹೊಲವನ್ನು 10ರಿಂದ 15 ವರ್ಷ ಹುಲ್ಲಿಗೆ ಬಿಟ್ಟರೆ ವಾರ್ಷಿಕ ಬಾಡಿಗೆಯನ್ನೂ, ಹುಲ್ಲು ಬೆಳೆಸುವ ವೆಚ್ಚದ ಅರ್ಧದವರೆಗಿನ ಪಾಲನ್ನೂ ಕೊಡುವ ಯೋಜನೆ ಇನ್ನೊಂದು. ಬಯಲುಸೀಮೆಯ ಒಣಬೇಸಾಯಗಾರನಿಗೆ ಇಂತಹ ಅವಧಿ ಕರಾರು ಹೆಚ್ಚು ಒಪ್ಪುತ್ತದೆ. ನಮ್ಮಲ್ಲಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನೆಟ್ಟ ಸಸಿ ಬದುಕಿದರೆ ಮೂರು ವರ್ಷ ಹಣ ಕೊಡುತ್ತದೆ, ತಾನಾಗಿ ಬೆಳೆದು ನಿಂತ ಮರಕ್ಕೂ ಹುಲ್ಲಿಗೂ ಅದರಲ್ಲಿ ಜಾಗವಿಲ್ಲ. ಚಿಂಕಾರಕ್ಕೆ ಬೇಕಾದದ್ದು ಸಾಲುಸಾಲಾಗಿ ನೆಟ್ಟ ಹೆಬ್ಬೇವಲ್ಲ.

ಪ್ರಶ್ನೆ ಕೇಳಿದವರು: ಮಲಪ್ರಭೆ ದಂಡೆ

ಮೂವರಿಗೂ ಧನ್ಯವಾದಗಳು. ಮುಧೋಳದವರ ಆತಂಕವನ್ನು ನಮ್ಮ ಕಾಕಾ ಅವರೂ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಹೇಳುತ್ತಾರೆ. ಆದರೂ ರೆಸಾರ್ಟ್ ಒಮ್ಮೆ ಬಂದರೆ ಅದೂ ಶಾಶ್ವತವೇ ಎಂಬುದು ತಂದೆಯವರ ವಾದ. ಕೋರ್ಟ್ ಕಟ್ಟೆಯವರಲ್ಲಿ ಒಂದು ಸಂದೇಹ: 36ಸಿ ಅಡಿಯಲ್ಲಿ ಹೋದರೆ ಕೆಳಗಿನ ಗದ್ದೆಯ ಸಾಗುವಳಿಗೆ ತೊಂದರೆಯಾಗುತ್ತದೆಯೇ? ಹಣದ ದಾರಿ ನಿಜವಾಗಿಯೂ ಪೂರ್ತಿ ಮುಚ್ಚಿದೆಯೇ?

ಉತ್ತರ: ಕೋರ್ಟ್ ಕಟ್ಟೆ (ಬೆಳಗಾವಿ)

ಗದ್ದೆಯನ್ನು ಖಂಡಿತವಾಗಿ ಹೊರಗಿಡಿ. ಸಮುದಾಯ ಮೀಸಲಿಗೆ ಅದೇ ಕಾಯ್ದೆಯ 30 ಮತ್ತು 32ನೇ ಕಲಂಗಳೂ ಅನ್ವಯವಾಗುತ್ತವೆ. ಮೊದಲನೆಯದು ಬೆಂಕಿಯನ್ನು, ಎರಡನೆಯದು ವನ್ಯಜೀವಿಗಳಿಗೆ ಹಾನಿ ತರಬಲ್ಲ ರಾಸಾಯನಿಕ ಮತ್ತು ಸ್ಫೋಟಕಗಳನ್ನು ನಿಷೇಧಿಸುತ್ತದೆ. ಭತ್ತಕ್ಕೆ ಕೀಟನಾಶಕ ಹೊಡೆದ ದಿನ ಯಾರಾದರೂ ದೂರು ಕೊಟ್ಟರೆ ನೀವು ಕಚೇರಿಗೆ ಅಲೆಯಬೇಕಾಗುತ್ತದೆ. ಆದ್ದರಿಂದ ಮೊದಲು ಮನೆಯೊಳಗಿನ ವಾಟ್ನಿ ಆಗಲಿ. 11ಇ ನಕ್ಷೆ (ಜಮೀನಿನ ಭಾಗವನ್ನು ಬೇರ್ಪಡಿಸುವ ಮೋಜಣಿ ನಕ್ಷೆ) ಮಾಡಿಸಿ, ಇಳಿಜಾರಿಗೆ ಪ್ರತ್ಯೇಕ ಹಿಸ್ಸಾ ಬರುವಂತೆ ಪೋಡಿ (ಸರ್ವೆ ನಂಬರಿನ ವಿಭಜನೆ) ಮಾಡಿಸಿಕೊಂಡು, ಕಾಕಾ ಅವರ ಪಾಲಿಗೆ ಗದ್ದೆಯಲ್ಲಿ ಹೆಚ್ಚು ಭಾಗ ಕೊಡುವುದಾದರೆ ಅವರ ಮಾತಿಗೂ ಬೆಲೆ ಬರುತ್ತದೆ. ಆಮೇಲೆ ಆ ಹಿಸ್ಸಾಕ್ಕೆ ಮಾತ್ರ ಅರ್ಜಿ ಹಾಕಿ. ಜಂಟಿ ಉತಾರದ ಮೇಲೆ ಅರ್ಜಿ ಕೊಟ್ಟರೆ, ಹೆಸರಿರುವವರಲ್ಲಿ ಒಬ್ಬರು ತಕರಾರು ಎತ್ತಿದರೂ ಕಡತ ಅಲ್ಲೇ ನಿಲ್ಲುತ್ತದೆ.

ಹಣದ ವಿಷಯದಲ್ಲಿ ಬಾಗಿಲು ಪೂರ್ತಿ ಮುಚ್ಚಿದೆ ಎನ್ನಲಾರೆ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಹುಣಸೆ ಮರಗಳ ಫಸಲನ್ನು ಬಿಟ್ಟುಕೊಡುವ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ. ಮೊತ್ತ ಸಣ್ಣದು, ತತ್ವ ಸಣ್ಣದಲ್ಲ: ಖಾಸಗಿ ಮಾಲೀಕನು ಬಿಟ್ಟುಕೊಟ್ಟ ಆದಾಯಕ್ಕೆ ಸರ್ಕಾರ ಬೆಲೆ ಕಟ್ಟಿದೆ. ಡಿಎಫ್‌ಒ (ಜಿಲ್ಲೆಯ ಅರಣ್ಯಾಧಿಕಾರಿ) ಅವರಿಗೆ ಕೊಡುವ ಮನವಿಯಲ್ಲಿ ಈ ನಿದರ್ಶನವನ್ನು ಸೇರಿಸಿ, ಹಳ್ಳ, ಮರಗಳು ಮತ್ತು ಕಾಡುಕೋಣಗಳ ಓಡಾಟವನ್ನು ದಿನಾಂಕವಿರುವ ಚಿತ್ರಗಳೊಡನೆ ಲಗತ್ತಿಸಿ. ಗೋಕಾಕದವರು ಹೇಳಿದ ಆರಂಭಿಕ ದಾಖಲೆಯ ಕೆಲಸವನ್ನು ಯಾರ ಅನುದಾನಕ್ಕೂ ಕಾಯದೆ ನೀವೇ ಈ ಬೇಸಿಗೆಯಲ್ಲಿ ಮಾಡಬಹುದು. ಅದರ ಒಂದು ಪ್ರತಿಯನ್ನು ನಿಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ಎಷ್ಟು, ಯಾವ ಶೀರ್ಷಿಕೆಯಡಿ ಎಂಬುದು ಲಿಖಿತವಾಗಿ ಬರುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ, ಏಕೆಂದರೆ ಅಧಿಸೂಚನೆಯಾದ ಮೇಲೆ ಚೌಕಾಸಿಗೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.